ಒಟ್ಟಾವಾದಲ್ಲಿ ಹುಟ್ಟಿದ ಡಚ್ ರಾಜಕುಮಾರಿ

1942ರ ಡಿಸೆಂಬರ್ 26ರಂದು ಕೆನಡಾ ಸರ್ಕಾರ ಒಂದು ಅಪರೂಪದ ಘೋಷಣೆ ಹೊರಡಿಸಿತು. ನೆದರ್ಲೆಂಡ್ಸ್ ಸಿಂಹಾಸನದ ಉತ್ತರಾಧಿಕಾರಿ ರಾಜಕುಮಾರಿ ಜೂಲಿಯಾನಾ ಹೆರಿಗೆಗಾಗಿ ಕೆನಡಾದ ಯಾವ ಜಾಗದಲ್ಲಿ ತಂಗುತ್ತಾರೋ ಆ ಜಾಗ, ಅವರು ಅಲ್ಲಿ ಇರುವಷ್ಟು ಕಾಲ, ಅವರು ಬಳಸುವಷ್ಟು ಮಟ್ಟಿಗೆ, ಕೆನಡಾದ ಅಧಿಕಾರ ವ್ಯಾಪ್ತಿಗೆ ಹೊರತು ಎಂಬುದು ಅದರ ತಿರುಳು. ಯುದ್ಧಕಾಲದ ವಿಶೇಷ ಕಾಯ್ದೆಯ ಬಲದಿಂದ ಹೊರಟ ಘೋಷಣೆ ಅದು. ಆಸ್ಪತ್ರೆಯ ಹೆಸರಾಗಲಿ ಕೋಣೆಯ ಗುರುತಾಗಲಿ ಅದರಲ್ಲಿ ಇರಲಿಲ್ಲ. ಹೆರಿಗೆ ಎಲ್ಲಿ ಆದರೂ ಸರಿ, ಆ ನಾಲ್ಕು ಗೋಡೆಗಳಿಗೆ ಈ ಮಾತು ಅನ್ವಯ.

ಮೂರೂವರೆ ವಾರ ಕಳೆದು, 1943ರ ಜನವರಿ 19ರಂದು, ಒಟ್ಟಾವಾ ಸಿವಿಕ್ ಆಸ್ಪತ್ರೆಯಲ್ಲಿ ಜೂಲಿಯಾನಾ ಅವರಿಗೆ ಮೂರನೆಯ ಹೆಣ್ಣುಮಗು ಹುಟ್ಟಿತು. ಮಾರ್ಗ್ರೀಟ್ ಫ್ರಾನ್ಸಿಸ್ಕಾ ಎಂದು ಹೆಸರಿಟ್ಟರು. ಯುದ್ಧದ ದಿನಗಳಲ್ಲಿ ಪ್ರತಿರೋಧದ ಗುರುತಾಗಿ ಡಚ್ಚರು ಧರಿಸುತ್ತಿದ್ದ ಡೇಸಿ ಹೂವಿನ ಹೆಸರು ಅದು. ನೆದರ್ಲೆಂಡ್ಸ್‌ನ ರಾಜಕುಮಾರಿ, ಆರೆಂಜ್-ನಾಸೌ ರಾಜಕುಮಾರಿ, ಲಿಪ್ಪೆ-ಬೀಸ್ಟರ್‌ಫೆಲ್ಡ್ ರಾಜಕುಮಾರಿ ಎಂಬ ಮೂರು ಬಿರುದುಗಳು ಹುಟ್ಟಿದ ಗಳಿಗೆಯಲ್ಲೇ ಅವರ ಪಾಲಿಗೆ ಬಂದವು. ಮೊದಲೆರಡು ತಾಯಿಯ ಕಡೆಯಿಂದ ಬಂದವು. ಮೂರನೆಯದು ತಂದೆ ಬರ್ನ್‌ಹಾರ್ಡ್ ಅವರ ಜರ್ಮನ್ ಮನೆತನದ್ದು. ಜರ್ಮನಿಯ ಸೇನೆ ಇಡೀ ನೆದರ್ಲೆಂಡ್ಸನ್ನು ತುಳಿದು ಕೂತಿದ್ದ ಹೊತ್ತಿನಲ್ಲಿ ಆ ಬಿರುದೂ ಮಗುವಿನ ಹೆಸರಿನ ಜೊತೆಗೆ ಬಂತು.

ಈ ಜನನದ ಬಗ್ಗೆ ಒಂದು ಕಥೆ ಲೋಕವೆಲ್ಲ ಓಡಾಡಿದೆ. ಕೆನಡಾ ತನ್ನ ಆಸ್ಪತ್ರೆಯ ಒಂದು ಭಾಗವನ್ನು ಡಚ್ ನೆಲವೆಂದು ಸಾರಿತು, ಹಾಗಾಗಿ ರಾಜಕುಮಾರಿ ಹುಟ್ಟಿದ್ದು ಡಚ್ ಮಣ್ಣಿನಲ್ಲೇ ಎಂಬ ಕಥೆ ಅದು. ಕೇಳಲು ಸೊಗಸು, ಆದರೆ ನಿಜವಲ್ಲ. ಆ ಕೋಣೆಗಳನ್ನು ಯಾರೂ ಡಚ್ಚರಿಗೆ ಬರೆದುಕೊಡಲಿಲ್ಲ. ಕಾನೂನಿನ ಕಣ್ಣಿಗೆ ಅವು ಕೆನಡಾ ಅಲ್ಲ ಎಂದಷ್ಟೇ ಆಯಿತು. ಅಷ್ಟು ಸಾಕಾಗಿತ್ತು ಕೂಡ. ಡಚ್ ಕಾನೂನಿನಲ್ಲಿ ಪೌರತ್ವ ಬರುವುದು ಹೆತ್ತವರಿಂದ. ಹುಟ್ಟಿದ ನೆಲದಿಂದ ಅಲ್ಲ. ಕೆನಡಾದಲ್ಲಿ ಅದು ತಿರುಗುಮುರುಗು. ಅಲ್ಲಿ ಹುಟ್ಟಿದ ಯಾವ ಮಗುವೂ ಬ್ರಿಟಿಷ್ ಪ್ರಜೆ ಎನಿಸಿಕೊಳ್ಳುತ್ತಿತ್ತು. ಕೆನಡಾಕ್ಕೆ ತನ್ನದೇ ಪೌರತ್ವ ಕಾಯ್ದೆ ಬಂದದ್ದು 1947ರಲ್ಲಿ. ಡಚ್ ರಾಜಮನೆತನದ ಮಗು ಹುಟ್ಟಿನಿಂದಲೇ ಇನ್ನೊಬ್ಬ ರಾಜನ ಪ್ರಜೆಯಾಗುವುದನ್ನು ಆ ಘೋಷಣೆ ತಪ್ಪಿಸಿತು.

ಇಷ್ಟೊಂದು ಮುತುವರ್ಜಿಗೆ ಕಾರಣವಿತ್ತು. ಆಗಿನ ನಿಯಮದ ಪ್ರಕಾರ ಸಿಂಹಾಸನಕ್ಕೆ ಗಂಡುಮಗುವಿಗೆ ಮೊದಲ ಹಕ್ಕು. ಜೂಲಿಯಾನಾ ಅವರಿಗೆ ಆಗಲೇ ಇಬ್ಬರು ಹೆಣ್ಣುಮಕ್ಕಳಿದ್ದರು. 1938ರಲ್ಲಿ ಬೆಯಾಟ್ರಿಕ್ಸ್, 1939ರಲ್ಲಿ ಐರೀನ್. ಮೂರನೆಯದು ಗಂಡಾಗಿದ್ದರೆ ಅಕ್ಕಂದಿರಿಬ್ಬರನ್ನೂ ದಾಟಿ ತಾಯಿಯ ನಂತರದ ಸ್ಥಾನಕ್ಕೆ ಏರುತ್ತಿತ್ತು. ನಾಳೆ ಯಾರೋ ಪಟ್ಟದ ಹಕ್ಕನ್ನು ಪ್ರಶ್ನಿಸುವಂತೆ ಆಗಬಾರದು ಎಂದು ಹುಟ್ಟುವ ಮೊದಲೇ ದಾರಿ ಸರಿಮಾಡಿಟ್ಟರು. ರಾಜಕುಮಾರಿ ಎಂಬ ಪದವಿ ರಕ್ತದಿಂದಷ್ಟೇ ಬರುವುದಿಲ್ಲ. ಕಾಗದದ ಮೇಲೂ ಅದು ನಿಲ್ಲಬೇಕು. ಮಾರ್ಗ್ರೀಟ್ ಅವರ ಬದುಕಿನ ಉದ್ದಕ್ಕೂ, ಮದುವೆಯಿಂದ ಹಿಡಿದು ಮಕ್ಕಳ ಹೆಸರಿನವರೆಗೆ, ಇದು ಮತ್ತೆ ಮತ್ತೆ ಎದುರಾಗುತ್ತದೆ.

ಅವರು ಅಟ್ಲಾಂಟಿಕ್‌ನ ಆಚೆ ಹುಟ್ಟಬೇಕಾಗಿ ಬಂದದ್ದು ಹೇಗೆಂದರೆ, 1940ರ ಮೇ 10ರ ನಸುಕಿನಲ್ಲಿ ಜರ್ಮನಿ ನೆದರ್ಲೆಂಡ್ಸ್ ಮೇಲೆ ಬಿತ್ತು. ತಟಸ್ಥವಾಗಿ ಉಳಿಯುತ್ತೇವೆ ಎಂದು ನಂಬಿದ್ದ ದೇಶ ಐದೇ ದಿನದಲ್ಲಿ ಕುಸಿಯಿತು. ಮೇ 12ರಂದು ಜೂಲಿಯಾನಾ, ಬರ್ನ್‌ಹಾರ್ಡ್ ಮತ್ತು ಎರಡು ಪುಟ್ಟ ಮಕ್ಕಳು ಐಮೌಡೆನ್ ಬಂದರಿನಿಂದ ಬ್ರಿಟನ್ನಿನ ಕಾಡ್ರಿಂಗ್ಟನ್ ಎಂಬ ಯುದ್ಧನೌಕೆ ಹತ್ತಿದರು. ಐರೀನ್ ಇನ್ನೂ ಒಂಬತ್ತು ತಿಂಗಳ ಕೂಸು. ವಿಷಾನಿಲದ ಭಯಕ್ಕೆ ಆ ಕೂಸನ್ನು ಅನಿಲ ಒಳಹೊಗದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ಹೊತ್ತೊಯ್ದರು. ಮರುದಿನ ರಾಣಿ ವಿಲ್ಹೆಲ್ಮಿನಾ ಕೂಡ ದೇಶ ಬಿಡಬೇಕಾಯಿತು. ಮೇ 14ರಂದು ರಾಟರ್‌ಡ್ಯಾಮ್ ನಗರದ ಒಡಲನ್ನೇ ಜರ್ಮನ್ ಬಾಂಬುಗಳು ಸುಟ್ಟುಹಾಕಿದವು. ಅದರ ಬೆನ್ನಿಗೇ ಶರಣಾಗತಿ.

ಇಂಗ್ಲೆಂಡೂ ಸುರಕ್ಷಿತವಲ್ಲ ಎನ್ನಿಸಿದಾಗ ಜೂನ್ ತಿಂಗಳಲ್ಲಿ ಜೂಲಿಯಾನಾ ಮಕ್ಕಳೊಂದಿಗೆ ಸುಮಾತ್ರಾ ಎಂಬ ಡಚ್ ಯುದ್ಧನೌಕೆಯಲ್ಲಿ ಹ್ಯಾಲಿಫ್ಯಾಕ್ಸ್ ಸೇರಿದರು. ತಾಯಿ ಲಂಡನ್ನಿನಲ್ಲಿ ಸರ್ಕಾರದ ಜೊತೆ, ಮಗಳು ಕೆನಡಾದಲ್ಲಿ ವಂಶದ ಕುಡಿಗಳ ಜೊತೆ ಎಂದು ತೀರ್ಮಾನವಾಗಿತ್ತು. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಉಳಿಯಬೇಕು. ಕೆನಡಾವೇ ಏಕೆ ಎಂಬುದಕ್ಕೆ ನೆಂಟಸ್ತಿಕೆಯೂ ಕಾರಣ. ಅಲ್ಲಿನ ಗವರ್ನರ್ ಜನರಲ್ ಅರ್ಲ್ ಆಫ್ ಅಥ್ಲೋನ್ ಅವರ ಹೆಂಡತಿ ಆಲಿಸ್ ಮತ್ತು ರಾಣಿ ವಿಲ್ಹೆಲ್ಮಿನಾ ಸ್ವಂತ ಅಕ್ಕತಂಗಿಯರ ಮಕ್ಕಳು.

ಒಟ್ಟಾವಾದ ರಾಕ್‌ಕ್ಲಿಫ್ ಪಾರ್ಕ್ ಬಡಾವಣೆಯ ಸ್ಟೋರ್ನೋವೇ ಎಂಬ ಮನೆ ಈ ಕುಟುಂಬದ ಬಿಡಾರವಾಯಿತು. ಇಂದು ಅದು ಕೆನಡಾದ ವಿರೋಧ ಪಕ್ಷದ ನಾಯಕರ ಅಧಿಕೃತ ನಿವಾಸ. ಅರಮನೆಯ ಕಟ್ಟಲೆಗಳಲ್ಲಿ ಬೆಳೆದಿದ್ದ ಜೂಲಿಯಾನಾ ಇಲ್ಲಿ ಸಾಮಾನ್ಯ ಗೃಹಿಣಿಯಂತೆ ಅಂಗಡಿಗೆ ಹೋಗಿಬರುತ್ತಿದ್ದರು, ರಕ್ತದಾನ ಮಾಡುತ್ತಿದ್ದರು. ಹಿರಿಯ ಮಗಳು ಅಕ್ಕಪಕ್ಕದ ಮಕ್ಕಳೊಂದಿಗೆ ಬಡಾವಣೆಯ ಸರ್ಕಾರಿ ಶಾಲೆಗೆ ಹೋದಳು. ಮುಂದೆ ರಾಣಿಯಾದಾಗ ಜೂಲಿಯಾನಾ ತೋರಿದ ಸರಳತೆಯನ್ನು ಡಚ್ಚರು ಬಹಳ ಮೆಚ್ಚಿಕೊಂಡರು. ಆ ಸರಳತೆ ಗಟ್ಟಿಯಾದದ್ದು ಒಟ್ಟಾವಾದ ಈ ಐದು ವರ್ಷಗಳಲ್ಲೇ ಎಂಬುದು ನನ್ನ ಎಣಿಕೆ.

ಮಾರ್ಗ್ರೀಟ್ ಹುಟ್ಟಿದ ದಿನ ಕೆನಡಾ ಸಂಸತ್ ಭವನದ ಪೀಸ್ ಟವರ್ ಮೇಲೆ ಡಚ್ ಬಾವುಟ ಹಾರಿತು. ಗೋಪುರದ ಗಂಟೆಗಳು ಡಚ್ ರಾಷ್ಟ್ರಗೀತೆಯ ಮಟ್ಟು ನುಡಿಸಿದವು. ಲಂಡನ್ನಿನಿಂದ ಪ್ರಸಾರವಾಗುತ್ತಿದ್ದ ರೇಡಿಯೋ ಓರಾಂಜ್ ಸುದ್ದಿಯನ್ನು ತಾಯ್ನಾಡಿಗೆ ಮುಟ್ಟಿಸಿತು. ಬಾಗಿಲು ಹಾಕಿಕೊಂಡು, ಸದ್ದು ತಗ್ಗಿಸಿ ಕೇಳಬೇಕಾದ ಕಾಲ. ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನ್ನರು ದೇಶದಲ್ಲಿದ್ದ ರೇಡಿಯೋಗಳನ್ನೆಲ್ಲ ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಗಡಿಪಾರಾದ ರಾಜಮನೆತನದಲ್ಲಿ ತೊಟ್ಟಿಲು ತೂಗಿತು ಎಂಬುದು ಗುಲಾಮಗಿರಿಯಲ್ಲಿದ್ದ ಜನರಿಗೆ ಎಷ್ಟು ದೊಡ್ಡ ಸುದ್ದಿ ಎಂದು ಇಂದು ಅಂದಾಜು ಮಾಡುವುದು ಕಷ್ಟ. ತಮ್ಮ ದೇಶ ಮುಗಿದುಹೋಗಿಲ್ಲ ಎಂಬುದಕ್ಕೆ ಅವರಿಗೆ ಸಿಕ್ಕ ಸಾಕ್ಷಿ ಆ ಮಗು.

ನಾಮಕರಣದ ದೀಕ್ಷಾಸ್ನಾನ ನಡೆದದ್ದು 1943ರ ಜೂನ್ 29ರಂದು, ಒಟ್ಟಾವಾದ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ. ಅದು ಬರ್ನ್‌ಹಾರ್ಡ್ ಅವರ ಹುಟ್ಟುಹಬ್ಬವೂ ಹೌದು. ಮೂರು ವರ್ಷ ಹಿಂದೆ, 1940ರ ಜೂನ್ 29ರಂದು, ಡಚ್ಚರು ಅಂಗಿಗೆ ಬಿಳಿ ಕಾರ್ನೇಷನ್ ಹೂ ಸಿಕ್ಕಿಸಿಕೊಂಡು ಬೀದಿಗಿಳಿದು ಆಕ್ರಮಣಕಾರರಿಗೆ ತಮ್ಮ ಮೊದಲ ಬಹಿರಂಗ ಧಿಕ್ಕಾರ ತೋರಿಸಿದ್ದರು. ಬರ್ನ್‌ಹಾರ್ಡ್ ಸದಾ ಧರಿಸುತ್ತಿದ್ದ ಹೂ ಅದು.

ಮಗುವಿನ ಧರ್ಮಮಾತಾಪಿತೃಗಳ ಪಟ್ಟಿ ನೋಡಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಅವರ ಪೂರ್ವಜರು ಡಚ್ಚರೇ. ಬ್ರಿಟನ್ನಿನ ರಾಜಮಾತೆ ಮೇರಿ. ತಾವೂ ದೇಶ ಕಳೆದುಕೊಂಡು ಅಮೆರಿಕದಲ್ಲಿದ್ದ ನಾರ್ವೆಯ ಯುವರಾಣಿ ಮಾರ್ಥಾ. ಕೆನಡಾದಲ್ಲಿ ಜೂಲಿಯಾನಾ ಅವರ ಜೊತೆಗಿದ್ದ ಸಖಿ ಮಾರ್ಟೀನ್ ರೋಯೆಲ್. ಇವರ ಸಾಲಿನಲ್ಲೇ ಡಚ್ ವಾಣಿಜ್ಯ ನೌಕಾಪಡೆಯ ಹೆಸರೂ ಇದೆ. ಅಂದರೆ ಸರಕು ಹಡಗು, ತೈಲ ಹಡಗು, ಪ್ರಯಾಣಿಕರ ಹಡಗುಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಸಾಮಾನ್ಯ ನಾವಿಕರು ಒಟ್ಟಾಗಿ ಈ ಮಗುವಿನ ಧರ್ಮಪಿತ.

ಮಾರ್ಗ್ರೀಟ್ ಅವರಿಗೆ ಮುಂದೆ ಸಂದ ಎಲ್ಲ ಪದಕಗಳಿಗಿಂತ ಇದೇ ದೊಡ್ಡ ಗೌರವ ಎಂದು ನಾನು ತಿಳಿಯುತ್ತೇನೆ. ದೇಶ ಬಿದ್ದ ಮೇಲೆ ಡಚ್ಚರ ಕೈಯಲ್ಲಿ ಉಳಿದಿದ್ದ ದೊಡ್ಡ ಶಕ್ತಿ ಎಂದರೆ ಆಗ ಕಡಲಲ್ಲಿದ್ದ ಹಡಗುಗಳು. ಗಡಿಪಾರಾದ ಸರ್ಕಾರ 1940ರಲ್ಲೇ ಒಂದು ಆದೇಶ ಹೊರಡಿಸಿ ನಾವಿಕರಿಗೆ ಕಡಲ ಸೇವೆಯನ್ನು ಕಡ್ಡಾಯ ಮಾಡಿತು. ಅವರು ಸೈನಿಕರಲ್ಲ. ಮನೆಗೆ ಹೋಗುವಂತಿಲ್ಲ, ಹೆಂಡತಿ ಮಕ್ಕಳು ಬದುಕಿದ್ದಾರೋ ಇಲ್ಲವೋ ತಿಳಿಯುವಂತಿಲ್ಲ. ಜರ್ಮನ್ ಜಲಾಂತರ್ಗಾಮಿಗಳು ಹೊಂಚುಹಾಕಿದ್ದ ಅಟ್ಲಾಂಟಿಕ್‌ನಲ್ಲಿ ತೈಲ, ಗೋಧಿ, ಮದ್ದುಗುಂಡು ತುಂಬಿಕೊಂಡು ಹೋಗಿಬರಬೇಕು. ಯುದ್ಧ ಮುಗಿಯುವಷ್ಟರಲ್ಲಿ ಆ ಹಡಗುಗಳಲ್ಲಿ ಸುಮಾರು ಅರ್ಧದಷ್ಟು ಮುಳುಗಿದ್ದವು. ಸುಮಾರು 3,500 ನಾವಿಕರು ನೀರುಪಾಲಾಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಸಮಾಧಿ ಎಂಬುದೇ ಇಲ್ಲ.

ಇತ್ತ ತಾಯ್ನಾಡಿನ ಕೊನೆಯ ಯುದ್ಧಕಾಲದ ಚಳಿಗಾಲ ಎಲ್ಲಕ್ಕಿಂತ ಕರಾಳವಾಗಿತ್ತು. 1944ರ ಸೆಪ್ಟೆಂಬರಿನಲ್ಲಿ ಮಿತ್ರಪಡೆಗಳಿಗೆ ನೆರವಾಗಲೆಂದು ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸೇಡಿಗೆ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದರು. ಕಾಲುವೆಗಳು ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ನಗರಗಳಲ್ಲಿ ಜನ ಟ್ಯುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಮಂದಿ ಹಸಿವಿನಿಂದ ಸತ್ತರು. ಡಚ್ಚರು ಇಂದಿಗೂ ಅದನ್ನು ಹಸಿವಿನ ಚಳಿಗಾಲ ಎಂದೇ ಕರೆಯುತ್ತಾರೆ. ಆ ಜನರ ಬಾಗಿಲಿಗೆ ಬಂದ ಬಿಡುಗಡೆಯ ಸೇನೆಯಲ್ಲಿ ಬಹುಪಾಲು ಕೆನಡಾದವರು. 1945ರ ಏಪ್ರಿಲ್ 17ರಂದು ಅವರು ಆಪೆಲ್‌ಡೋರ್ನ್ ಪಟ್ಟಣ ಸೇರಿದರು. ಮೇ 5ರಂದು ವಾಗೆನಿಂಗೆನ್ ಪಟ್ಟಣದ ಹೋಟೆಲೊಂದರಲ್ಲಿ ಕೆನಡಾದ ಜನರಲ್ ಚಾರ್ಲ್ಸ್ ಫೌಲ್ಕ್ಸ್ ಜರ್ಮನ್ ಸೇನಾಪತಿ ಬ್ಲಾಸ್ಕೋವಿಟ್ಸ್‌ನೊಂದಿಗೆ ಶರಣಾಗತಿಯ ಮಾತುಕತೆ ನಡೆಸಿದರು. ಆ ಮೇಜಿನ ಬಳಿ ಮಾರ್ಗ್ರೀಟ್ ಅವರ ತಂದೆಯೂ ಇದ್ದರು. ನೆದರ್ಲೆಂಡ್ಸ್ ಬಿಡಿಸುವ ಹೋರಾಟದಲ್ಲಿ 7,600ಕ್ಕೂ ಹೆಚ್ಚು ಕೆನಡಾ ಯೋಧರು ಪ್ರಾಣ ಕೊಟ್ಟರು. ಗ್ರೋಸ್‌ಬೇಕ್, ಹೋಲ್ಟೆನ್ ಊರುಗಳ ಸ್ಮಶಾನಗಳಲ್ಲಿ ಅವರ ಬಿಳಿ ಕಲ್ಲುಗಳ ಸಾಲುಗಳಿವೆ.

1945ರ ಆಗಸ್ಟಿನಲ್ಲಿ ಜೂಲಿಯಾನಾ ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳಿದರು. ಎರಡೂವರೆ ವರ್ಷದ ಮಾರ್ಗ್ರೀಟ್ ತಾನು ಯಾವ ದೇಶದ ರಾಜಕುಮಾರಿಯೋ ಆ ದೇಶವನ್ನು ಮೊದಲ ಸಲ ಕಂಡದ್ದು ಆಗಲೇ. ಅದೇ ಶರತ್ಕಾಲದಲ್ಲಿ ಜೂಲಿಯಾನಾ ಒಟ್ಟಾವಾ ನಗರಕ್ಕೆ 1,00,000 ಟ್ಯುಲಿಪ್ ಗೆಡ್ಡೆಗಳನ್ನು ಕಳಿಸಿದರು. ಒಂದು ವರ್ಷ ಹಿಂದೆ ಹೊಟ್ಟೆ ತುಂಬಲು ಜನ ಅಗೆದು ತಿಂದ ಅದೇ ಗೆಡ್ಡೆ! ಮರುವರ್ಷ ಇನ್ನೂ 20,500 ಹೋದವು. ಆಮೇಲೆ ಅದು ನಿಲ್ಲಲೇ ಇಲ್ಲ. ಪ್ರತಿ ವರ್ಷ ರಾಜಮನೆತನದಿಂದ 10,000, ಡಚ್ ಹೂಗೆಡ್ಡೆ ಬೆಳೆಗಾರರಿಂದ 10,000 ಗೆಡ್ಡೆಗಳು ಒಟ್ಟಾವಾ ಸೇರುತ್ತವೆ. ಈ ಹೂಗಳ ಚಿತ್ರ ತೆಗೆಯುತ್ತಿದ್ದ ಛಾಯಾಗ್ರಾಹಕ ಮಲಾಕ್ ಕಾರ್ಷ್ ಅವರ ಸಲಹೆಯಿಂದ 1953ರಲ್ಲಿ ಟ್ಯುಲಿಪ್ ಹಬ್ಬ ಶುರುವಾಯಿತು. ಒಟ್ಟಾವಾದ ವಸಂತ ಎಂದರೆ ಈಗ ಆ ಹಬ್ಬವೇ.

ಮಾರ್ಗ್ರೀಟ್ ಅವರ ಬಾಲ್ಯ ಕಳೆದದ್ದು ಬಾರ್ನ್ ಪಟ್ಟಣದ ಸೂಸ್ಟ್‌ಡೈಕ್ ಅರಮನೆಯಲ್ಲಿ. 1947ರಲ್ಲಿ ತಂಗಿ ಕ್ರಿಸ್ಟೀನಾ ಹುಟ್ಟಿದಳು. 1948ರ ಸೆಪ್ಟೆಂಬರಿನಲ್ಲಿ ಅಜ್ಜಿ ವಿಲ್ಹೆಲ್ಮಿನಾ ಪಟ್ಟ ಬಿಟ್ಟುಕೊಟ್ಟು ಜೂಲಿಯಾನಾ ರಾಣಿಯಾದರು. ಡಚ್ ಮನೆತನದ ಒಂದು ಒಳ್ಳೆಯ ಸಂಪ್ರದಾಯ ಇಲ್ಲಿ ಕಾಣುತ್ತದೆ. ಪಟ್ಟ ಬಿಟ್ಟ ರಾಣಿ ರಾಜಮಾತೆ ಎನಿಸಿಕೊಳ್ಳುವುದಿಲ್ಲ, ಮತ್ತೆ ರಾಜಕುಮಾರಿಯಾಗುತ್ತಾಳೆ. 1948ರಲ್ಲಿ ವಿಲ್ಹೆಲ್ಮಿನಾ, 1980ರಲ್ಲಿ ಜೂಲಿಯಾನಾ, 2013ರಲ್ಲಿ ಬೆಯಾಟ್ರಿಕ್ಸ್ ಮೂವರೂ ಹಾಗೆಯೇ ಮಾಡಿದರು. ಅಧಿಕಾರ ಹೋದ ಮೇಲೆ ಅದರ ಹೆಸರನ್ನು ಹಿಡಿದುಕೊಂಡು ಕೂರದ ಈ ನಡತೆ ನನಗೆ ಮೆಚ್ಚುಗೆಯಾಗುತ್ತದೆ. ಹುಟ್ಟಿನಿಂದ ಇಂದಿನವರೆಗೆ ರಾಜಕುಮಾರಿಯಾಗಿಯೇ ಉಳಿದ ಮಾರ್ಗ್ರೀಟ್ ಅವರ ಪದವಿ, ಅವರ ತಾಯಿಯೂ ಅಕ್ಕನೂ ಕೊನೆಗೆ ಹಿಂತಿರುಗಿ ಬಂದ ಪದವಿ.

ನಾವಿಕರ ಋಣ ತೀರಿಸುವ ಮೊದಲ ದೊಡ್ಡ ಸಂದರ್ಭ ಬಂದದ್ದು 1957ರ ಏಪ್ರಿಲ್ 10ರಂದು. ರಾಟರ್‌ಡ್ಯಾಮ್‌ನಲ್ಲಿ ಮಾಸ್ ನದಿಯ ದಡದ ಮೇಲೆ ವಾಣಿಜ್ಯ ನೌಕಾಪಡೆಯ ರಾಷ್ಟ್ರೀಯ ಸ್ಮಾರಕ ಎದ್ದಿತ್ತು. ಶಿಲ್ಪಿ ಫ್ರೆಡ್ ಕರಾಸ್ಸೊ. ಕಾಂಕ್ರೀಟಿನ ಅಲೆಗಳ ಮೇಲೆ ಎದ್ದುನಿಂತ ಹಡಗಿನ ಮೂತಿ, 46 ಮೀಟರ್ ಎತ್ತರ. ನೀರನ್ನು ಸೀಳಿಕೊಂಡು ನೇರ ಆಕಾಶಕ್ಕೆ ಏರುತ್ತಿರುವಂತೆ ಕಾಣುವ ಅದನ್ನು ಅನಾವರಣ ಮಾಡಿದ್ದು ಹದಿನಾಲ್ಕು ವರ್ಷದ ಮಾರ್ಗ್ರೀಟ್. ರಾಣಿಯಿದ್ದರು, ಉತ್ತರಾಧಿಕಾರಿ ಅಕ್ಕನಿದ್ದರು. ಆದರೂ ಆ ಕೆಲಸಕ್ಕೆ ಈ ಹುಡುಗಿಯೇ ಆಗಬೇಕಿತ್ತು. ಮುಳುಗಿದವರ ಧರ್ಮಪುತ್ರಿ ಅವಳು. 1965ರಲ್ಲಿ ಸ್ಮಾರಕದ ಬುಡಕ್ಕೆ ಕಂಚಿನ ಗುಂಪೊಂದನ್ನು ಸೇರಿಸಿದರು. ಚುಕ್ಕಾಣಿ ಹಿಡಿದವನು, ನಾವಿಕರು, ಕಾಲ ಬಳಿ ಮುಳುಗಿ ಸತ್ತವನೊಬ್ಬ. ಬರೀ ಹಡಗಿದ್ದರೆ ಸಾಲದು, ಅದರಲ್ಲಿದ್ದ ಮನುಷ್ಯರೂ ಕಾಣಬೇಕಿತ್ತು.

ಓದಿಗೆ ಮಾರ್ಗ್ರೀಟ್ ಮೊದಲು ಫ್ರಾನ್ಸಿನ ಮೊಂಪೆಲಿಯೆಗೆ ಹೋದರು, ಆಮೇಲೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿತರು. ಲೈಡನ್ನಿನಲ್ಲಿ ಪೀಟರ್ ವಾನ್ ವೊಲೆನ್‌ಹೋವನ್ ಎಂಬ ಸಹಪಾಠಿಯ ಪರಿಚಯವಾಯಿತು. ಸ್ಕೀಡಾಮ್ ಊರಿನವರು, ರಾಜವಂಶದವರೂ ಅಲ್ಲ, ಸರದಾರ ಮನೆತನದವರೂ ಅಲ್ಲ.

ಆ ಹೊತ್ತಿಗೆ ಅರಮನೆಯಲ್ಲಿ ಮದುವೆಯ ಮಾತೆಂದರೆ ದೇಶವೇ ಉಸಿರು ಬಿಗಿಹಿಡಿಯುವಂತಾಗಿತ್ತು. 1964ರಲ್ಲಿ ಅಕ್ಕ ಐರೀನ್ ಕ್ಯಾಥೊಲಿಕ್ ಮತಕ್ಕೆ ಸೇರಿ, ಸ್ಪೇನಿನ ಸಿಂಹಾಸನಕ್ಕೆ ಹಕ್ಕು ಸಾಧಿಸುತ್ತಿದ್ದ ಮನೆತನದ ಕಾರ್ಲೋಸ್ ಹ್ಯೂಗೊ ಅವರನ್ನು ರೋಮ್ ನಗರದಲ್ಲಿ ಮದುವೆಯಾದರು. ಸಂಸತ್ತಿನ ಒಪ್ಪಿಗೆ ಕೇಳಲಿಲ್ಲ. ರಾಣಿ ಜೂಲಿಯಾನಾ ಮದುವೆಗೆ ಹೋಗಲಿಲ್ಲ. ಪಟ್ಟದ ಹಕ್ಕು ಇರುವವರು ಸಂಸತ್ತಿನ ಸಮ್ಮತಿ ಇಲ್ಲದೆ ಮದುವೆಯಾದರೆ ಆ ಹಕ್ಕು ಹೋಯಿತು. ಡಚ್ ಸಂವಿಧಾನದ ನಿಯಮ ಅದು. ಐರೀನ್ ಸಾಲಿನಿಂದ ಹೊರಬಿದ್ದರು. 1966ರಲ್ಲಿ ಹಿರಿಯಕ್ಕ ಬೆಯಾಟ್ರಿಕ್ಸ್ ಜರ್ಮನಿಯ ಕ್ಲಾಸ್ ವಾನ್ ಆಮ್ಸ್‌ಬರ್ಗ್ ಅವರನ್ನು ಮದುವೆಯಾದಾಗ ಆಮ್‌ಸ್ಟರ್‌ಡ್ಯಾಮ್ ಬೀದಿಗಳಲ್ಲಿ ಹೊಗೆಬಾಂಬುಗಳು ಸಿಡಿದವು. ಜರ್ಮನ್ ಆಕ್ರಮಣದ ಗಾಯ ಇನ್ನೂ ಹಸಿಯಾಗಿತ್ತು.

ಇವೆರಡರ ನಡುವೆ, 1965ರ ಮಾರ್ಚ್ 10ರಂದು, ಮಾರ್ಗ್ರೀಟ್ ಅವರ ನಿಶ್ಚಿತಾರ್ಥ ಪ್ರಕಟವಾಯಿತು. ವರ ಡಚ್ಚನೇ ಎಂಬುದು ಜನರಿಗೆ ನೆಮ್ಮದಿ ತಂದಿತು. ಆದರೆ ಹೊಸ ಪ್ರಶ್ನೆಯೂ ಹುಟ್ಟಿತು. ಐರೀನ್ ಹೊರಹೋದದ್ದರಿಂದ ಮಾರ್ಗ್ರೀಟ್ ಈಗ ಬೆಯಾಟ್ರಿಕ್ಸ್ ನಂತರ ಎರಡನೆಯ ಸ್ಥಾನದಲ್ಲಿದ್ದರು. ಬೆಯಾಟ್ರಿಕ್ಸ್ ಅವರಿಗೆ ಇನ್ನೂ ಮಕ್ಕಳಿರಲಿಲ್ಲ. ಹಾಗಿರುವಾಗ ಬಿರುದಿಲ್ಲದ ಗಂಡನ ಮಕ್ಕಳು ಏನಾಗಬೇಕು? ಪಟ್ಟಕ್ಕೇರಬಹುದಾದವರ ಹೆಸರು ಬರೀ ವಾನ್ ವೊಲೆನ್‌ಹೋವನ್ ಎಂದಿರಬಹುದೇ?

1967ರ ಜನವರಿ 10ರಂದು ಹೇಗ್ ನಗರದ ಸೇಂಟ್ ಜೇಮ್ಸ್ ಚರ್ಚಿನಲ್ಲಿ ಮದುವೆ ನಡೆಯುವ ಹೊತ್ತಿಗೆ ಉತ್ತರ ಸಿದ್ಧವಾಗಿತ್ತು. ಗಂಡನಿಗೆ ಯಾವ ಬಿರುದೂ ಇಲ್ಲ. ಮಕ್ಕಳಿಗೆ ಆರೆಂಜ್-ನಾಸೌ ರಾಜಕುಮಾರ ಎಂಬ ಬಿರುದು, ಅದರ ಜೊತೆಗೇ ವಾನ್ ವೊಲೆನ್‌ಹೋವನ್ ಎಂಬ ತಂದೆಯ ಹೆಸರು. ಆದರೆ ಆ ಬಿರುದು ಒಂದೇ ತಲೆಮಾರಿಗೆ, ಮೊಮ್ಮಕ್ಕಳಿಗೆ ದಾಟುವಂತಿಲ್ಲ. ಬಿರುದನ್ನು ಹೀಗೆ ಅಳತೆ ಮಾಡಿ, ಎಲ್ಲಿಯವರೆಗೆ ಸಲ್ಲಬೇಕು ಎಂದು ಗೆರೆ ಎಳೆದು ಕೊಟ್ಟ ಉದಾಹರಣೆಗಳು ಯುರೋಪಿನ ರಾಜಮನೆತನಗಳಲ್ಲಿ ಹೆಚ್ಚಿಲ್ಲ. ಮದುವೆಯಾಗಿ ಮೂರೂವರೆ ತಿಂಗಳಿಗೆ, ಏಪ್ರಿಲ್ 27ರಂದು, ಬೆಯಾಟ್ರಿಕ್ಸ್ ಅವರಿಗೆ ಗಂಡುಮಗು ಹುಟ್ಟಿತು. ಡಚ್ ರಾಜಮನೆತನದಲ್ಲಿ 1851ರ ನಂತರ ಹುಟ್ಟಿದ ಮೊದಲ ಗಂಡು, ಈಗಿನ ರಾಜ ವಿಲೆಮ್-ಅಲೆಕ್ಸಾಂಡರ್. ಮಾರ್ಗ್ರೀಟ್ ಅವರ ಹೆಗಲ ಮೇಲಿದ್ದ ಭಾರ ಅಂದೇ ಇಳಿಯಿತು.

ದಂಪತಿ ಆಪೆಲ್‌ಡೋರ್ನ್ ಪಟ್ಟಣದ ಹೆಟ್ ಲೋ ಅರಮನೆಯ ಒಂದು ಪಾರ್ಶ್ವದಲ್ಲಿ ಸಂಸಾರ ಹೂಡಿದರು. 1968ರಿಂದ 1975ರವರೆಗೆ ನಾಲ್ಕು ಗಂಡುಮಕ್ಕಳು ಹುಟ್ಟಿದರು: ಮಾರಿಟ್ಸ್, ಬರ್ನ್‌ಹಾರ್ಡ್, ಪೀಟರ್-ಕ್ರಿಸ್ಟಿಯಾನ್, ಫ್ಲೋರಿಸ್. 1975ರಲ್ಲಿ ಅರಮನೆಯ ಆವರಣದಲ್ಲೇ ಕಟ್ಟಿಸಿದ ಮನೆಗೆ ಹೋದರು. ಅರಮನೆ ಮುಂದೆ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು. ಪೀಟರ್ ಅವರಿಗೆ ಎಂದೂ ರಾಜಕುಮಾರ ಎಂಬ ಬಿರುದು ಸಿಗಲಿಲ್ಲ. ಅವರು ಅಪಘಾತಗಳ ಸ್ವತಂತ್ರ ತನಿಖೆ ಎಂಬ ವಿಚಾರಕ್ಕೆ ಬದುಕು ಮುಡಿಪಿಟ್ಟರು. ಡಚ್ ಸುರಕ್ಷತಾ ಮಂಡಳಿಯ ಅಧ್ಯಕ್ಷರಾಗಿ, ಪ್ರಾಧ್ಯಾಪಕರಾಗಿ ಹೆಸರು ಮಾಡಿದರು. ಅವರ ಹೆಸರಿನ ಮುಂದೆ ಇರುವುದು ದುಡಿದು ಪಡೆದ ಪ್ರೊಫೆಸರ್ ಎಂಬ ಪದ.

ಪದಕಗಳ ವಿಷಯಕ್ಕೆ ಬಂದರೆ ಮಾರ್ಗ್ರೀಟ್ ಅವರ ಎದೆಯ ಮೇಲೆ ಅವು ಸಾಕಷ್ಟಿವೆ. ನೆದರ್ಲೆಂಡ್ಸ್ ಲಯನ್ ಪ್ರಶಸ್ತಿಯ ಗ್ರ್ಯಾಂಡ್ ಕ್ರಾಸ್, ತಾಯಿಯ, ಅಕ್ಕನ, ಅಕ್ಕನ ಮಗನ ಪಟ್ಟಾರೋಹಣದ ನೆನಪಿನ ಪದಕಗಳು, ಹೊರದೇಶಗಳು ಕೊಟ್ಟವು. ಇವುಗಳಲ್ಲಿ ಹೆಚ್ಚಿನವು ಹುಟ್ಟಿನ ಬಲದಿಂದ ಬಂದವು. ಅವನ್ನು ಒಂದೊಂದಾಗಿ ಎಣಿಸಿ ಓದುಗರನ್ನು ದಣಿಸುವುದಿಲ್ಲ. ಕೊಟ್ಟ ಗೌರವ ಕೈತಪ್ಪುವುದೂ ಉಂಟು ಎಂಬುದನ್ನು ಅವರು ಸ್ವಂತ ಮನೆಯಲ್ಲೇ ಕಂಡರು. 1976ರಲ್ಲಿ ಲಾಕ್‌ಹೀಡ್ ವಿಮಾನ ಕಂಪನಿಯ ಲಂಚ ಹಗರಣದಲ್ಲಿ ತಂದೆ ಬರ್ನ್‌ಹಾರ್ಡ್ ಅವರ ಹೆಸರು ಬಂತು. ತನಿಖಾ ಆಯೋಗದ ವರದಿಯ ನಂತರ ಅವರು ಸೇನೆಯ ಹುದ್ದೆಗಳನ್ನು ಬಿಡಬೇಕಾಯಿತು, ಸಮವಸ್ತ್ರ ತೊಡುವ ಹಕ್ಕನ್ನೂ ಕಳೆದುಕೊಂಡರು.

ಮಾರ್ಗ್ರೀಟ್ ದುಡಿದು ಗಳಿಸಿದ ಗೌರವ ರೆಡ್‌ಕ್ರಾಸ್‌ನದು. ತರುಣಿಯಾಗಿದ್ದಾಗಲೇ ಶುಶ್ರೂಷೆಯ ತರಬೇತಿ ಪಡೆದರು. ದೀರ್ಘಕಾಲದ ರೋಗಿಗಳನ್ನೂ ಅಂಗವಿಕಲರನ್ನೂ ವಿಹಾರಕ್ಕೆ ಕರೆದೊಯ್ಯುವ ರೆಡ್‌ಕ್ರಾಸ್ ಹಡಗಿನಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿದರು. 1987ರಿಂದ 2011ರವರೆಗೆ ಡಚ್ ರೆಡ್‌ಕ್ರಾಸ್‌ನ ಉಪಾಧ್ಯಕ್ಷೆ. 1995ರಿಂದ 2003ರವರೆಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಮತ್ತು ರೆಡ್‌ಕ್ರೆಸೆಂಟ್ ಚಳವಳಿಯ ಸ್ಥಾಯಿ ಆಯೋಗದ ಅಧ್ಯಕ್ಷೆ. ಈ ಎರಡನೆಯದು ಅಲಂಕಾರದ ಕುರ್ಚಿಯಲ್ಲ. ಸರ್ಕಾರಗಳನ್ನೂ ರಾಷ್ಟ್ರೀಯ ಸಂಘಗಳನ್ನೂ ಒಂದೇ ಸಭೆಯಲ್ಲಿ ಕೂರಿಸುವ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅಣಿಮಾಡುವ ಹೊಣೆ ಆ ಆಯೋಗದ್ದು. 1984ರಿಂದ 2007ರವರೆಗೆ ಯುರೋಪಿನ ಸಾಂಸ್ಕೃತಿಕ ಪ್ರತಿಷ್ಠಾನದ ಅಧ್ಯಕ್ಷತೆಯನ್ನೂ ಅವರು ವಹಿಸಿದ್ದರು. ಪ್ರಕೃತಿ ವಿಕೋಪಗಳಿಗೆ ಮುಂಚಿತವಾಗಿ ಸಿದ್ಧರಾಗಲು ಜನರಿಗೆ ನೆರವಾಗುವ ರೆಡ್‌ಕ್ರಾಸ್ ನಿಧಿಯೊಂದಕ್ಕೆ ಅವರ ಹೆಸರಿಟ್ಟಿದ್ದಾರೆ. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ದೊಡ್ಡ ಹಡಗು ಕಾಲುವೆಗೂ 1951ರಿಂದ ಅವರದೇ ಹೆಸರು.

ಕೆನಡಾದ ನಂಟನ್ನು ಅವರು ಎಂದೂ ಸಡಿಲಗೊಳಿಸಲಿಲ್ಲ. ಅವರು ನೆಲೆಸಿದ ಆಪೆಲ್‌ಡೋರ್ನ್ ಕೆನಡಾದ ಸೈನಿಕರು ಬಿಡಿಸಿದ ಊರು. ಬಿಡುಗಡೆಯ ವಾರ್ಷಿಕೋತ್ಸವಗಳಿಗೆ ಅಟ್ಲಾಂಟಿಕ್ ದಾಟಿ ಬರುತ್ತಿದ್ದ ಮುದಿ ಯೋಧರು ಮೆರವಣಿಗೆಯಲ್ಲಿ ಸಾಗುವಾಗ ವಂದನೆ ಸ್ವೀಕರಿಸಲು ಅವರು ನಿಂತಿರುತ್ತಿದ್ದರು. ಶಿಲ್ಪಿ ಹೆಂಕ್ ವಿಶ್ ಮಾಡಿದ 'ಎರಡು ಟೋಪಿಯ ಮನುಷ್ಯ' ಎಂಬ ಕಂಚಿನ ಪ್ರತಿಮೆ ಎರಡೂ ದೇಶಗಳಲ್ಲಿದೆ. ತೋಳುಗಳನ್ನು ಮೇಲೆತ್ತಿ, ಎರಡೂ ಕೈಯಲ್ಲಿ ಒಂದೊಂದು ಟೋಪಿ ಹಿಡಿದು ಹರ್ಷದಿಂದ ಬೀಸುತ್ತಿರುವ ಮನುಷ್ಯ. ಒಂದು ಪ್ರತಿಮೆ ಆಪೆಲ್‌ಡೋರ್ನ್‌ನಲ್ಲಿ, ಅದರ ಜೋಡಿ ಒಟ್ಟಾವಾದ ಡೌಸ್ ಲೇಕ್ ಬಳಿಯ ಟ್ಯುಲಿಪ್ ಪಾತಿಗಳ ಪಕ್ಕದಲ್ಲಿ. ಮೊದಲನೆಯದನ್ನು 2000ದಲ್ಲಿ, ಎರಡನೆಯದನ್ನು 2002ರಲ್ಲಿ ಅನಾವರಣ ಮಾಡಿದವರು ಮಾರ್ಗ್ರೀಟ್ ಅವರೇ. 2022ರ ಮೇ ತಿಂಗಳಲ್ಲಿ, 79ರ ವಯಸ್ಸಿನಲ್ಲಿ, ಗಂಡನೊಂದಿಗೆ ಮತ್ತೆ ಒಟ್ಟಾವಾಗೆ ಹೋಗಿ ಟ್ಯುಲಿಪ್ ಹಬ್ಬದಲ್ಲಿ ಪಾಲ್ಗೊಂಡರು.

ಬಿರುದಿನ ಲೆಕ್ಕ ಈ ನಡುವೆ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು. ಕಿರಿಯ ಮಕ್ಕಳಿಬ್ಬರು 2005ರಲ್ಲಿ ಮದುವೆಯಾದಾಗ ಸಂಸತ್ತಿನ ಒಪ್ಪಿಗೆ ಕೇಳಲೇ ಇಲ್ಲ; ಪಟ್ಟದ ಸಾಲಿನಿಂದ ತಾವಾಗಿ ಹೊರಬಂದರು. ಹಿರಿಯರಿಬ್ಬರು ಒಪ್ಪಿಗೆ ಪಡೆದಿದ್ದರೂ 2013ರ ಏಪ್ರಿಲ್ 30ರಂದು ವಿಲೆಮ್-ಅಲೆಕ್ಸಾಂಡರ್ ರಾಜರಾದ ಗಳಿಗೆಯಲ್ಲಿ ಅವರ ಹಕ್ಕೂ ಮುಗಿಯಿತು. ಡಚ್ ಸಂವಿಧಾನದ ಪ್ರಕಾರ ಆಳುವ ರಾಜನಿಗೆ ಮೂರನೆಯ ದರ್ಜೆಯ ರಕ್ತಸಂಬಂಧಕ್ಕಿಂತ ದೂರದವರಿಗೆ ಸಿಂಹಾಸನದ ಹಕ್ಕಿಲ್ಲ. ಚಿಕ್ಕಮ್ಮ ಮೂರನೆಯ ದರ್ಜೆ, ಚಿಕ್ಕಮ್ಮನ ಮಕ್ಕಳು ನಾಲ್ಕನೆಯದು. ತಾಯಿ ಸಾಲಿನಲ್ಲಿ ಉಳಿದರು, ಮಕ್ಕಳು ಉಳಿಯಲಿಲ್ಲ.

ಈಗ ಆ ಸಾಲಿನಲ್ಲಿ ರಾಜನ ಮೂವರು ಹೆಣ್ಣುಮಕ್ಕಳು, ತಮ್ಮ ಕಾನ್‌ಸ್ಟಂಟೈನ್, ಆ ತಮ್ಮನ ಮೂವರು ಮಕ್ಕಳು ಇದ್ದಾರೆ. ಎಂಟನೆಯವರು ಮಾರ್ಗ್ರೀಟ್. ಅವರ ಹಿಂದೆ ಯಾರೂ ಇಲ್ಲ. ರಾಜನ ಮಗಳು ಯುವರಾಣಿ ಅಮಾಲಿಯಾ ಪಟ್ಟಕ್ಕೆ ಬಂದ ದಿನ ಮಾರ್ಗ್ರೀಟ್ ಅವರೂ ನಾಲ್ಕನೆಯ ದರ್ಜೆಯ ಬಂಧುವಾಗುತ್ತಾರೆ. ಅಂದೇ ಅವರ ಹೆಸರು ಸಂವಿಧಾನದ ಪ್ರಕಾರ ಆ ಪಟ್ಟಿಯಿಂದ ಇಳಿಯುತ್ತದೆ.